ನನ್ನ ಮೊದಮೊದಲ ಸಿಕ್ಸರುಗಳು

ಜೋರಾಗಿ ಹೊಡೆಯುವವನ ಬಾಳಿನಲ್ಲಿ ದಿನಕ್ಕೊಂದು ರಾಮಾಯಣ ತಪ್ಪಿದ್ದಲ್ಲ. ಮೆಲ್ಲಗೆ ಆಡುವವರು ಆಟ ಮುಗಿಸಿ ತಣ್ಣಗೆ ಮನೆ ಸೇರುತ್ತಾರೆ. ನಮ್ಮಂಥವರ ಹಿಂದೆ ಹೆಂಚು ಒಡೆಸಿಕೊಂಡವರು, ಮಡಕೆ ಒಡೆಸಿಕೊಂಡವರು ಸಾಲಾಗಿ ಬರುತ್ತಾರೆ.

ಐವತ್ತರ ದಶಕದ ಮಾತು. ಭೀಮನಬೀಡಿನ ರೈತನ ಮಗನಾದ ನಾನು ಗುಂಡ್ಲುಪೇಟೆಯ ಕ್ರಿಕೆಟ್ ತಂಡದಲ್ಲಿ ಆಡುತ್ತಿದ್ದೆ. ಮೈಸೂರಿನ ಗಿರಣಿಯೊಂದು ಆಗ ತನ್ನದೇ ತಂಡ ಕಟ್ಟುತ್ತಿತ್ತು. ಬೆಳಿಗ್ಗೆ ಕೆಲಸ, ಮಧ್ಯಾಹ್ನದ ಮೇಲೆ ಆಟ, ಎರಡಕ್ಕೂ ಸೇರಿಸಿ ಸಂಬಳ. ಅಲ್ಲಿ ಸೇರುವುದು ಬಿಟ್ಟರೆ ನನಗೆ ಬೇರೆ ಕನಸಿರಲಿಲ್ಲ.

ಅಪ್ಪ ಗಡುವು ಹಾಕಿದರು. "ಯುಗಾದಿಗಂಟ ಆಡ್ಕ. ಕೆಲ್ಸ ಸಿಕ್ಕುದ್ರೆ ಓಗು. ಇಲ್ದಿದ್ರೆ ಈ ಸಲ ಹೊನ್ನಾರು ಕಟ್ಟೋನು ನೀನೆಯ. ಬ್ಯಾಟು ಒಲೆಗೆ ಕಣ್ಲಾ." ಹೊನ್ನಾರು ಎಂದರೆ ಹೊಸ ವರ್ಷದ ಮೊದಲ ಉಳುಮೆ. ಅದನ್ನು ಕಟ್ಟಿದ ಮಗ ಹೊಲ ಬಿಟ್ಟು ಕದಲಬಾರದು ಎಂಬುದು ನಮ್ಮಪ್ಪನ ಕಾಯಿದೆ.

೧. ಕಬ್ಬಿಣದ ಬಳೆ

ಅಂಗಡಿಯ ಬ್ಯಾಟು ನನ್ನ ಕೈಯಲ್ಲಿ ಎರಡು ವಾರ ಬಾಳುತ್ತಿರಲಿಲ್ಲ. ಕೊನೆಗೆ ನೇಗಿಲು ಮಾಡುವ ಆಚಾರಿಯ ಹತ್ತಿರ ಹೋಗಿ, "ಗಟ್ಟಿಯಾಗಿ ಒಂದು ಮಾಡ್ಕೊಡಿ" ಎಂದೆ. ಆತ ಜಾಲಿ ಮರದಲ್ಲಿ ಮಾಡಿಕೊಟ್ಟ. ಎತ್ತಿದರೆ ಭುಜ ಕಳಚುವಷ್ಟು ಭಾರ. ಬುಡಕ್ಕೆ ಒನಕೆಗೆ ಹಾಕುವಂಥ ಕಬ್ಬಿಣದ ಬಳೆ ಬೇರೆ!

"ಇದ್ಯಾಕೆ?" ಎಂದು ಕೇಳಿದೆ.

"ನೆಲ ಕುಟ್ತಿಯಲ್ಲ, ಬುಡ ಸವೀಬಾರ್ದು ಅಂತ."

ಮುಂದಿನ ಪಂದ್ಯದಲ್ಲಿ ಅದನ್ನೇ ಬೀಸಿದೆ. ಚೆಂಡು ನೇರ ಬಳೆಗೆ ತಗಲಿ ಎರಡು ಹೋಳಾಯಿತು. ಒಂದು ಹೋಳು ಗಡಿ ದಾಟಿತು, ಇನ್ನೊಂದನ್ನು ಬೌಲರ್ ಕ್ಯಾಚ್ ಹಿಡಿದ. ಔಟೋ ಸಿಕ್ಸರೋ ಎಂದು ಎರಡೂ ಕಡೆಯವರು ಅರ್ಧ ಗಂಟೆ ಕಚ್ಚಾಡಿದರು.

ಸಂಜೆ ಆಚಾರಿಯ ಹತ್ತಿರ ಹೋಗಿ ಕೂಗಾಡಿದೆ. ಆತ ಬ್ಯಾಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದ್ಕೇನಾರ ಆಯ್ತಾ? ಇಲ್ವಲ್ಲ? ಚೆಂಡು ನಾ ಮಾಡಿದ್ದಲ್ಲ ಕಣಪ್ಪ."

೨. ಮೇಷ್ಟ್ರ ಪಾಠ

ಚಾಮರಾಜನಗರದ ಡ್ರಿಲ್ ಮೇಷ್ಟ್ರೊಬ್ಬರು ನನಗೆ ಕ್ರಮವಾಗಿ ಆಡಲು ಕಲಿಸಲು ಒಪ್ಪಿದರು. ಒಂದೇ ಷರತ್ತು, ಒಂದು ತಿಂಗಳು ಹೊಡೆಯುವಂತಿಲ್ಲ. "ಬಂದ ಚೆಂಡನ್ನ ತಡಿ, ಅಷ್ಟೇ."

ಮೂರು ಭಾನುವಾರ ವ್ರತದಂತೆ ತಡೆದೆ. ನಾಲ್ಕನೆಯ ಭಾನುವಾರವೂ ತಡೆದೆ. ಚೆಂಡು ಮಾತ್ರ ಹುಣಸೆಮರದ ಬುಡಕ್ಕೆ ಹಾರಿ, ಅಲ್ಲಿ ತೆರೆದಿಟ್ಟಿದ್ದ ಮೇಷ್ಟ್ರ ಮೊಸರನ್ನದ ಡಬ್ಬಿಯೊಳಗೆ ಕೂತಿತು.

"ಏನಯ್ಯ ಇದು?"

"ತಡೆದೆ ಸಾರ್."

ಮೇಷ್ಟ್ರು ಡಬ್ಬಿಯಿಂದ ಚೆಂಡು ತೆಗೆದು, ಮೊಸರು ಒರೆಸಿ ನನ್ನ ಕೈಗಿಟ್ಟರು. "ಹೊಡೆಯೋ ದಿನ ಮೊದಲೇ ಹೇಳಿಬಿಡು. ನಾನು ಹೆಂಡತಿ ಮಕ್ಕಳನ್ನ ಕರಕೊಂಡು ಮಾವನ ಮನೆಗೆ ಹೋಗಿರ್ತೀನಿ."

೩. ಬೇಯದ ಬೀಟ್‌ರೂಟ್

ಗುಂಡ್ಲುಪೇಟೆಯಲ್ಲಿ ನಾವು ಆಡುತ್ತಿದ್ದ ಬಯಲಿನ ಪಕ್ಕದಲ್ಲೇ ರಸ್ತೆ. ಒಂದು ದಿನ ನಾನು ಎತ್ತಿ ಬಾರಿಸಿದ ಹೊತ್ತಿಗೆ ಸರಿಯಾಗಿ ಊಟಿಯಿಂದ ಮೈಸೂರಿಗೆ ಹೋಗುವ ಬಸ್ಸು ಬಂತು. ಚೆಂಡು ಬಸ್ಸಿನ ಮೇಲಿದ್ದ ತರಕಾರಿ ಬುಟ್ಟಿಯೊಳಗೆ ಬಿತ್ತು. ನಾವು ಹನ್ನೊಂದು ಜನ, ಅವರು ಹನ್ನೊಂದು ಜನ, ಜೊತೆಗೆ ಅಂಪೈರು, ಎಲ್ಲರೂ ಕೂಗುತ್ತಾ ಬಸ್ಸಿನ ಹಿಂದೆ ಓಡಿದೆವು. ಹೊಡೆಯಲು ಬಂದರೆಂದು ಹೆದರಿದ ಡ್ರೈವರ್, ರಸ್ತೆಬದಿ ಕಾಯುತ್ತಿದ್ದ ಒಬ್ಬಿಬ್ಬರು ಪ್ರಯಾಣಿಕರನ್ನೂ ಹತ್ತಿಸಿಕೊಳ್ಳದೆ ಇನ್ನೂ ಜೋರಾಗಿ ಬಿಟ್ಟ. ಇದ್ದದ್ದು ಅದೊಂದೇ ಚೆಂಡು. ಆಟ ಅಲ್ಲಿಗೇ ನಿಂತಿತು.

ಮರುದಿನ ಅದೇ ಬಸ್ಸಿನ ಕಂಡಕ್ಟರ್ ಚೆಂಡನ್ನು ತಂದುಕೊಟ್ಟ. ಅದು ಊದಿಕೊಂಡು ಎರಡರಷ್ಟಾಗಿತ್ತು. "ನಂಜನಗೂಡಲ್ಲಿ ಬೀಟ್‌ರೂಟ್ ಜೊತೇಲಿ ಓಟ್ಲಿಗೆ ಓಗ್ಬುಟ್ಟಿತ್ತು. ಎರಡು ಗಂಟೆ ಬೇಯಿಸವ್ರೆ, ಬೆಂದೇ ಇಲ್ಲ. ಇನ್ಮೇಲಿಂದ ಇಷ್ಟು ಬಲಿತಿರೋದು ಕಳಿಸ್ಬೇಡಿ ಅಂದ್ರು!"

ಆ ಚೆಂಡು ಹಾಳಾದರೂ ನನಗೆ ಒಳ್ಳೆಯದನ್ನೇ ಮಾಡಿತು. ಗುಂಡ್ಲುಪೇಟೆಯಲ್ಲಿ ಹೊಡೆದರೆ ನಂಜನಗೂಡಲ್ಲಿ ಬೀಳುತ್ತದಂತೆ ಎಂಬ ಸುದ್ದಿ ಮೈಸೂರಿನವರೆಗೂ ಹಬ್ಬಿತು. ಗಿರಣಿಯಿಂದ ಕಾರ್ಡು ಬಂತು. ಅವರ ತಂಡ ಚಾಮರಾಜನಗರಕ್ಕೆ ಬರುತ್ತದೆ, ನನ್ನ ಆಟ ನೋಡುತ್ತದೆ ಎಂದು ಬರೆದಿತ್ತು.

೪. ಒದ್ದೆ ಬಟ್ಟೆ

ಯುಗಾದಿಗೆ ನಾಲ್ಕು ದಿನವಿತ್ತು. ಅಪ್ಪನೂ ಬಂದು ಮರದ ನೆರಳಲ್ಲಿ ಕೂತಿದ್ದರು. ಆಟ ನೋಡಲು ಬಂದದ್ದಲ್ಲ, ಸಂತೆಯಲ್ಲಿ ನೇಗಿಲಿಗೆ ಹಗ್ಗ ತರಲು ಬಂದದ್ದು ಎಂದು ಎಲ್ಲರಿಗೂ ಹೇಳುತ್ತಿದ್ದರು. ಹಗ್ಗ ಆಗಲೇ ತಂದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಗಿರಣಿಯ ಬೌಲರ್ ಓಡಿಬಂದ. ಕಣ್ಣು ಮುಚ್ಚಿ ಬೀಸಿದೆನೋ, ತೆರೆದು ಬೀಸಿದೆನೋ, ಶಿವನೇ ಬಲ್ಲ. ಚೆಂಡು ಬೇಲಿ ದಾಟಿ, ಯಾರದೋ ಹಿತ್ತಲಿನ ಹಾಗಲ ಚಪ್ಪರದ ಮೇಲೆ ಬಿತ್ತು. ಜನ ಚಪ್ಪಾಳೆ ತಟ್ಟಿದರು.

ನಾನು ಬ್ಯಾಟನ್ನು ನೆಲಕ್ಕೆ ಹಾಕಿದೆ. ಬೂಟು ಬಿಚ್ಚಿಟ್ಟೆ. ಬಯಲಿನ ಅಂಚಿನ ಬಾವಿಗೆ ಓಡಿ, ಎರಡು ಬಿಂದಿಗೆ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡೆ. ಹಾಗೇ ತೊಟತೊಟನೆ ತೊಟ್ಟಿಕ್ಕುತ್ತಾ ಬೇಲಿ ನುಸುಳಿ, ಚೆಂಡು ತಂದುಕೊಟ್ಟು, ತಲೆ ತಗ್ಗಿಸಿ ನಮ್ಮವರ ಪಕ್ಕ ಹೋಗಿ ಕೂತೆ.

ಬಯಲಿಗೆ ಬಯಲೇ ಗರಬಡಿದಂತೆ ನಿಂತಿತ್ತು. ಡ್ರಿಲ್ ಮೇಷ್ಟ್ರು ಹಣೆ ಚಚ್ಚಿಕೊಂಡರು. ಗಿರಣಿಯ ಮ್ಯಾನೇಜರ್ ಎದ್ದು ಬಂದು, "ಯಾಕಪ್ಪ, ಮೈಗೆ ಸರಿಯಿಲ್ಲವೇ?" ಎಂದು ಕೇಳಿದರು.

ಆಗ ನನಗೆ ಎಚ್ಚರವಾಯಿತು. ನಮ್ಮೂರು ಭೀಮನಬೀಡಿನಲ್ಲಿ ನಾವು ಚಿಕ್ಕಂದಿನಿಂದ ಆಡಿದ್ದು ಎಲೆತೋಟದ ಪಕ್ಕ. ವೀಳ್ಯದೆಲೆ ಬಳ್ಳಿಗೆ ಮೈಲಿಗೆ ತಾಗಬಾರದು, ಮಿಂದು ಬರಿಗಾಲಲ್ಲೇ ಒಳಗೆ ಹೋಗಬೇಕು. ಅದಕ್ಕೇ ನಮ್ಮ ನಿಯಮ: ಬಳ್ಳಿಗೆ ಹೊಡೆದವನು ಔಟು, ಹೊಡೆದವನೇ ಮಿಂದು ಚೆಂಡು ತರಬೇಕು. ಹಸಿರು ಚಪ್ಪರ ಕಂಡದ್ದೇ ತಡ, ನನ್ನ ಕಾಲು ನನ್ನನ್ನು ಕೇಳದೆ ಬಾವಿಗೆ ಓಡಿತ್ತು. ಇದನ್ನೆಲ್ಲ ತೊದಲುತ್ತಾ ಹೇಳಿದೆ. ನನ್ನ ಕತೆ ಮುಗಿಯಿತು, ಇನ್ನು ನೇಗಿಲೇ ಗತಿ ಎಂದುಕೊಂಡೆ.

ಮ್ಯಾನೇಜರ್ ನಗಲಿಲ್ಲ. "ಹಾಗೆ ಎಷ್ಟು ಸಲ ಮಿಂದಿದ್ದೀಯ?"

"ಭಾನುವಾರ ಆದ್ರೆ ಐದಾರು ಸಲ ಸಾರ್."

"ಔಟಾಗ್ತೀನಿ ಅಂತ ಗೊತ್ತಿದ್ದೂ ಹೊಡೀತಿದ್ದೆಯಾ?"

"ಕೈ ತಡೀತಿರ್ಲಿಲ್ಲ ಸಾರ್."

ಆಗ ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೆಲಸ ನಿನಗೇ ಕಣಯ್ಯ. ಹಬ್ಬ ಮುಗಿಸಿಕೊಂಡು ಬಂದುಬಿಡು."

ನನಗೆ ಅಳು ಬಂತು. ಮುಖವೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಅಪ್ಪ ಎದ್ದು, ಹೆಗಲ ವಲ್ಲಿ ತೆಗೆದು, ಕೈಮುಗಿದು ಮ್ಯಾನೇಜರ ಮುಂದೆ ನಿಂತರು. ಕಳಿಸುವುದಿಲ್ಲ ಎನ್ನುತ್ತಾರೆಂದೇ ಅಂದುಕೊಂಡೆ.

"ಸ್ವಾಮಿ," ಎಂದರು ಅಪ್ಪ, "ನನ್ ಮಗ ಸಿಕ್ಸರು ಬಾಳ ಹೊಡೀತಾನೆ. ನಿಮ್ ಗಿರಣೀಲಿ ಬಿಸ್ನೀರು ಸಿಕ್ತದಾ?"