ಯಾರನ್ನೂ ಹೊರಗೆ ಕಳಿಸದ ಮಾಮ

ನನ್ನ ಮಾಮನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಆಫ್ರಿಕಾದಲ್ಲಿ ಮಲೇರಿಯಾ ತಲೆಗೇರಿತು, ಹಾಗಾಗಿಯೇ ಅವರು ಹೀಗಾದರು ಎಂಬುದು ನಮ್ಮ ಕುಟುಂಬದ ಅಧಿಕೃತ ಹೇಳಿಕೆ. ಕುವೈತಿನಲ್ಲಿ ನಮ್ಮವರ ಯಾವ ಮನೆಯಲ್ಲಿ ಚಹಾಕ್ಕೆ ಕೂತರೂ ಈ ಹೇಳಿಕೆ ಬಿಸ್ಕತ್ತಿನ ಜೊತೆಗೇ ಬರುತ್ತದೆ. ನನ್ನ ಆಕ್ಷೇಪ ಇಷ್ಟು: ಮಲೇರಿಯಾ ಮಂಗಳೂರಿನಲ್ಲೂ ಧಾರಾಳವಾಗಿದೆ. ಅದು ತಲೆಗೇರುವ ಕಾಯಿಲೆಯಾದರೆ ನಮ್ಮೂರಿನ ಅರ್ಧ ಜನ ಮಾಮನ ಹಾಗೆ ಆಗಬೇಕಿತ್ತು. ಇನ್ನು, ಹೀಗಾದರು ಎಂದರೆ ಹೇಗಾದರು? ಯಾರನ್ನೂ ಎಲ್ಲಿಂದಲೂ ಹೊರಗೆ ಕಳಿಸಲಾರದವರಾದರು. ಇಂಥ ಲಕ್ಷಣದ ಜ್ವರವನ್ನು ಯಾವ ಡಾಕ್ಟರು ಕಂಡಿದ್ದಾನೆ?

ಮಾಮ ಹರೆಯದಲ್ಲಿ ಸನ್ಯಾಸಿಗಳ ಮಠವೊಂದನ್ನು ಸೇರಿ, ಬ್ರದರ್ ಆಗಿ, ತಾಂಜಾನಿಯಾದ ಒಳನಾಡಿನ ಒಂದು ಹಳ್ಳಿಯಲ್ಲಿ ಕ್ರೈಸ್ತೋಪದೇಶ ಕಲಿಸಿದವರು. ಆಮೇಲೆ ನಿಲುವಂಗಿ ಕಳಚಿಟ್ಟು, ಯುದ್ಧ ಮುಗಿದಿದ್ದ ಕುವೈತಿಗೆ ಬಂದು, ಶುವೈಖಿನಲ್ಲಿ ಕಾರಿನ ಬಿಡಿಭಾಗಗಳ ಗೋದಾಮೊಂದರ ಸ್ಟೋರ್‌ಕೀಪರ್ ಆದರು. ಮದುವೆಯಾಗಲಿಲ್ಲ. ನಾನು ಹೇಳುತ್ತಿರುವ ಚಳಿಗಾಲದಲ್ಲಿ ಕೆಲಸ ಬಿಟ್ಟು, ಇಕಾಮಾ ಎಂಬ ವಾಸದ ಪರವಾನಗಿ ರದ್ದು ಮಾಡಿಸಿ ಹೊರಟಿದ್ದರು. ಎಲ್ಲಿಗೆ? ಮಂಗಳೂರಿಗಲ್ಲ, ಅದೇ ಹಳ್ಳಿಗೆ. ಅಲ್ಲಿ ಒಬ್ಬಳು ಹೆಂಗಸಿಗೆ ಒಂದು ಮಾತು ಹೇಳುವುದಿದೆಯಂತೆ. ಅರವತ್ತು ದಾಟಿದ, ಎದೆಯಲ್ಲಿ ಸ್ಟೆಂಟ್ ಇರುವ ಮನುಷ್ಯ.

ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನನ್ನತ್ತ ತಿರುಗಿದಳು. "ಕಾಲೇಜಿನಲ್ಲಿ ಡಿಬೇಟ್ ಡಿಬೇಟ್ ಅಂತ ಅಷ್ಟು ಕಪ್ ತಂದಿದ್ದಿ. ಇವನೊಬ್ಬನನ್ನು ಮಾತಿನಲ್ಲಿ ನಿಲ್ಲಿಸ್ಲಿಕ್ಕೆ ಆಗುದಿಲ್ವಾ ನಿನಗೆ?"

ಚರ್ಚಿಗೆ ಹೋಗದವಳು, ಹಿರಿಯರಿಗೆ ಎದುರು ಮಾತಾಡುವವಳು ಎಂದು ಹೆಸರಾಗಿದ್ದ ನನ್ನ ನಾಲಿಗೆಗೆ ಕುಟುಂಬದಲ್ಲಿ ಮೊದಲ ಸಲ ಉದ್ಯೋಗ ಸಿಕ್ಕಿತು.

ಎದುರಾಳಿಯನ್ನು ಓದಿಕೊಳ್ಳದೆ ವಾದಕ್ಕೆ ಇಳಿಯಬಾರದು. ನಾನು ಓದಿಕೊಂಡೆ. ಅಬ್ಬಾಸಿಯಾದಲ್ಲಿ ಮಾಮನ ಫ್ಲ್ಯಾಟು ಆರು ಬ್ರಹ್ಮಚಾರಿಗಳಿಗಷ್ಟೇ ಕೊಟ್ಟದ್ದು. ವೀಸಾ ಕೊಟ್ಟ ಕಫೀಲ್ ಕೈಬಿಟ್ಟವನು, ಕಂಪನಿ ಮುಚ್ಚಿಹೋದವನು, ರೂಮಿನವರ ಜೊತೆ ಮೀನಿನ ತುಂಡಿಗೆ ಜಗಳವಾಡಿ ಬಂದವನು, ಎಲ್ಲರೂ "ಎರಡೇ ದಿನ ಅಂಕಲ್" ಎಂದು ಬ್ಯಾಗು ಇಳಿಸುತ್ತಿದ್ದರು. ಎರಡು ದಿನ ಎಂದರೆ ಗಲ್ಫಿನಲ್ಲಿ ಮುಂದಿನ ಕ್ರಿಸ್ಮಸ್ ಎಂದು ಮಾಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಮ್ಮ ಮಂಚವನ್ನೂ ಬಿಟ್ಟುಕೊಟ್ಟು ಬಾಲ್ಕನಿಯಲ್ಲಿ ವಾಷಿಂಗ್ ಮಷೀನಿನ ಪಕ್ಕ ಮಲಗುತ್ತಿದ್ದರು. ಕಟ್ಟಡ ಕಾಯುವ ಈಜಿಪ್ಟಿನವನು ಒಮ್ಮೆ ಬಾಗಿಲಿಗೇ ಬಂದ. ಇಬ್ಬರದೂ ಒಂದೇ ಮಟ್ಟದ ಹರಕು ಹಿಂದಿ.

"ಎಷ್ಟು ನಫರ್?"

"ಆರು, ಭಾಯಿ."

"ಚಪ್ಪಲಿ ಜಾಸ್ತಿ ಉಂಟಲ್ಲ?"

"ನಮ್ಮ ಕಡೆ ಒಬ್ಬೊಬ್ಬನಿಗೆ ಎರಡು ಜೊತೆ."

"ಹೌದಾ? ಒಳಗೆ ಗೊರಕೆ ಹೊಡೀತಾ ಇರುವುದೂ ಚಪ್ಪಲಿಯಾ?"

ಚರ್ಚಿನ ಕ್ರಿಸ್ಮಸ್ ಗಾಯನ ತಂಡದ ಕಥೆಯೂ ಇದೇ. ಸ್ವರದ ಹತ್ತಿರವೂ ಸುಳಿಯದ ಒಬ್ಬ ಗಾಯಕನಿಗೆ ಬರಬೇಡ ಎನ್ನುವ ಕೆಲಸವನ್ನು ತಂಡದವರು ಮಾಮನಿಗೆ ವಹಿಸಿದರು. ಮಾಮ ಡ್ರಮ್ಮನ್ನು ತಂದು ಅವನ ಪಕ್ಕದಲ್ಲಿಟ್ಟು, ಗಟ್ಟಿಯಾಗಿ ಬಾರಿಸಲು ಹೇಳಿದರು. ಆ ವರ್ಷ ನಮ್ಮಲ್ಲಿ ಬಾಲಯೇಸು ಹುಟ್ಟಿದ್ದು ಯುದ್ಧರಂಗದಲ್ಲಿ.

ಆದರೆ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಕಲ್ಲಂಗಡಿ. ಗೋದಾಮಿನ ಮಾಲೀಕರಾದ ಕಫೀಲ್‌ಗೆ ಇಬ್ಬರು ಹೆಂಡಿರು, ಎರಡು ಮನೆ. ವಾರದ ದಿನಸಿಯನ್ನು ಎರಡೂ ಕಡೆಗೆ ತಲುಪಿಸುವುದು ಮಾಮನ ಹೊಣೆ. ಒಂದು ಮನೆಯ ಹಣ್ಣು ತುಸು ಚಿಕ್ಕದಾಯಿತೆಂದು ಅವರು ಮಾರ್ಕೆಟ್ಟಿಗೆ ವಾಪಸ್ ಹೋದದ್ದನ್ನು ನಾನೇ ನೋಡಿದ್ದೇನೆ. "ಇಬ್ಬರಿಗೂ ನನಗಿಂತ ನೀನೇ ಒಳ್ಳೆಯ ಗಂಡ" ಎಂದು ಕಫೀಲ್ ನಗುತ್ತಿದ್ದರಂತೆ. ಎರಡನೆಯವಳ ಮನೆಯ ಮುಂದೆ ಮಾತ್ರ ಮಾಮ ಗಾಡಿಯಲ್ಲೇ ಕಾಯುತ್ತಿದ್ದರು. ಮಕ್ಕಳು ಚೀಲಗಳನ್ನು ಎಳೆದುಕೊಂಡು ಹೋಗಿ, ಬಾಗಿಲು ಒಳಗಿನಿಂದ ಹಾಕಿಕೊಂಡ ಮೇಲೆಯೇ ಹೊರಡುತ್ತಿದ್ದರು. ಆಗ ಅವರ ಮುಖ ನೋಡಿದರೆ, ಏನೋ ಒಂದು ಕೆಟ್ಟದ್ದು ಇವತ್ತಿಗೆ ತಪ್ಪಿತು ಎನ್ನುವಂತಿರುತ್ತಿತ್ತು.

ಒಂದು ಶುಕ್ರವಾರ, ಮಾಮ ಚರ್ಚಿನ ಪೂಜೆ ಮುಗಿಸಿದ ಮೇಲೆ, ಗೋದಾಮಿನ ಪಕ್ಕದ ಟಯರ್ ಅಂಗಡಿಯಲ್ಲಿ ಅವರನ್ನು ಹಿಡಿದೆ. ಅಂಗಡಿ ಮಾಮನ ಗೆಳೆಯನದು. ಉಳ್ಳಾಲ ಕಡೆಯ ಬ್ಯಾರಿ, ನನಗೆ ಟಯರ್ ಕಾಕ. ಅರ್ಧ ಎಳೆದ ಶಟರ್, ಮೂರು ಲೋಟ ಹಾಲಿಲ್ಲದ ಚಹಾ.

"ಮಾಮ, ನಿಮ್ಮ ಪ್ರಯಾಣದ ವಿರುದ್ಧ ನನ್ನ ವಾದ ಹೇಳ್ತೇನೆ."

"ಟೈಮ್ ಎಷ್ಟು ಕೊಡ್ಬೇಕು ಮೋಳೇ?" ಕಾಕ ಸ್ಪ್ಯಾನರ್ ಎತ್ತಿಕೊಂಡರು. "ಬೆಲ್ಲು ನಾನು ಹೊಡೀತೇನೆ."

ಹೃದಯ, ರಸ್ತೆ, ಔಷಧಿ, ಅಮ್ಮನ ಕಣ್ಣೀರು ಎಲ್ಲವನ್ನೂ ಅನುಕ್ರಮವಾಗಿ ಮಂಡಿಸಿದೆ. ಕೊನೆಗೆ ಕೇಳಿದೆ, "ಅಷ್ಟಕ್ಕೂ ಆ ಹೆಂಗಸು ಯಾರು? ಲವ್ವಾ?"

ಕಾಕನಿಗೆ ಚಹಾ ನೆತ್ತಿಗೇರಿತು. ಮಾಮ ಮಾತ್ರ ಶಾಂತವಾಗಿ, "ಲವ್ ಆಗಿದ್ರೆ ಸುಲಭ ಇತ್ತು ಮಾರಾಯ್ತಿ" ಎಂದರು. ಆಮೇಲೆ ಹೇಳಿದರು.

ಹಳ್ಳಿಯಲ್ಲಿ ದನ ಸಾಕುವವನೊಬ್ಬ ವರ್ಷಗಟ್ಟಲೆ ಮಾಮನ ಪಾಠಕ್ಕೆ ತಪ್ಪದೆ ಬಂದ. ದೀಕ್ಷಾಸ್ನಾನ ಬೇಕು ಎಂದ. ಅವನಿಗೆ ಇಬ್ಬರು ಹೆಂಡಿರು. ಧರ್ಮಸಭೆಯ ನಿಯಮದಂತೆ ಒಬ್ಬಳನ್ನೇ ಇಟ್ಟುಕೊಳ್ಳಬೇಕು. ಅದನ್ನು ಅವನಿಗೆ ತಿಳಿಸುವ ಕೆಲಸ ಬ್ರದರ್‌ದು.

"ಹೇಳಿದೆ. ಚಂದ ಮಾಡಿ ಹೇಳಿದೆ. ಆದಾಮನ ಪಕ್ಕ ಒಬ್ಬಳೇ ಏವಳ ಚಿತ್ರ ಬರೆದು ತೋರಿಸಿದೆ. ಅವ ಒಪ್ಪಿದ. ಎರಡನೆಯವಳು ನನ್ನ ಹತ್ರ ಬಂದು, ಎರಡು ಮಕ್ಕಳನ್ನು ಕಟ್ಟಿಕೊಂಡು ನಾನೆಲ್ಲಿಗೆ ಹೋಗ್ಲಿ ಬ್ರದರ್ ಅಂತ ಕೇಳಿದಳು. ಧರ್ಮಸಭೆ ನಿನ್ನನ್ನು ನೋಡಿಕೊಳ್ತದೆ ಅಂದೆ."

"ಮತ್ತೆ?"

"ಮತ್ತೆಂತ? ಅವಳು ನಂಬಿದಳು."

ದೀಕ್ಷಾಸ್ನಾನದ ದಿನವೇ ಅವಳು ಮಕ್ಕಳು, ಚಾಪೆ, ಮಡಕೆ ಸಮೇತ ಚರ್ಚಿನ ಜಗಲಿಗೆ ಬಂದು ಕೂತಳು. ಒಳಗೆ ಅವಳ ಗಂಡನಿಗೆ ಹೊಸ ಹೆಸರಿಟ್ಟು ಜನ ಹಾಡುತ್ತಿದ್ದರು. ಅಲ್ಲೇ ಒಲೆ ಹೂಡಿದಳು. ಕೆಲವು ವಾರಗಳಾದ ಮೇಲೆ ಮೇಲಿನ ಫಾದರ್ ಬಂದು ನೋಡಿದರು. ಬ್ರದರ್ ಮಲಗುವ ಕೋಣೆಯ ಪಕ್ಕದಲ್ಲೇ ಗಂಡ ಬಿಟ್ಟ ಹೆಂಗಸೆಂದರೆ ಊರಿನವರು ಏನಂದಾರು? ಬರಹೇಳಿದ ನೀವೇ ಕಳಿಸಿಬಿಡಿ ಎಂದರು. ಬರಹೇಳಿದ ಮಾಮನೇ ಕಳಿಸಿದರು.

"ಜಗಳ ಮಾಡ್ಲಿಲ್ಲ ಅವಳು. ಒಲೆ ತೆಗೆದು, ಜಗಲಿ ಗುಡಿಸಿ, ಅಣ್ಣನ ಊರಿನ ದಾರಿ ಹಿಡಿದಳು. ಗುಡಿಸಿದ್ದು ಯಾಕೆ ಹೇಳು? ನಾನು ಅದನ್ನೇ ಯೋಚನೆ ಮಾಡ್ತೇನೆ. ಒಂದು ಬೈಗುಳ ಬೈದಿದ್ರೂ ಸಾಕಿತ್ತು."

ನನ್ನೊಳಗಿನ ಡಿಬೇಟಿನವಳಿಗೆ ಇಂಥ ಹೊತ್ತಿನಲ್ಲೂ ಬಾಯಿ ಮುಚ್ಚಲು ಬರುವುದಿಲ್ಲ. "ಕುವೈತಿನಲ್ಲಿ ಭಾನುವಾರ ರಜೆ ಇಲ್ಲ ಅಂತ ಅವತ್ತಿನ ಪೂಜೆಯನ್ನು ಶುಕ್ರವಾರಕ್ಕೆ ತರ್ಲಿಕ್ಕೆ ಆಗ್ತದೆ ನಿಮ್ಮ ಧರ್ಮಸಭೆಗೆ. ಒಬ್ಬಳು ಹೆಂಗಸನ್ನು ಅವಳ ಮನೆಯಲ್ಲೇ ಇರ್ಲಿಕ್ಕೆ ಬಿಡುದಕ್ಕೆ ಆಗ್ಲಿಲ್ವಾ?"

ಯಾವ ಸಭಾಂಗಣದಲ್ಲಾದರೂ ಇಲ್ಲಿ ಚಪ್ಪಾಳೆ ಬೀಳುತ್ತದೆ. ಕಾಕ ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟರು.

"ಹೀಗೆ ಕೇಳುವವರು ಆಗ ಒಬ್ಬರು ಇದ್ದಿದ್ರೆ" ಎಂದರು ಮಾಮ. "ನೀನು ಆಗ ಹುಟ್ಟಿರಲೂ ಇಲ್ಲ. ಈಗ ಗೊತ್ತಾಯ್ತಲ್ಲ, ಯಾಕೆ ಹೋಗ್ಬೇಕು ಅಂತ? ಅವಳ ಹತ್ರ ತಪ್ಪಾಯ್ತು ಅಂತ ಹೇಳ್ಬೇಕು. ಅಷ್ಟೇ. ಖಲಾಸ್."

ಪ್ರಯಾಣ ನಿಲ್ಲಿಸಲು ಕಳಿಸಿದ ವಕೀಲೆ ಪ್ರಯಾಣದ ಪರವಾಗಿ ಅತ್ಯುತ್ತಮ ವಾದ ಮಂಡಿಸಿ ಮನೆಗೆ ಮರಳಿದಳು. ಅಮ್ಮ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆದರೆ ಕಥೆ ನನ್ನ ವಾದದಷ್ಟು ಸರಳವಾಗಿರಲಿಲ್ಲ. ಹೊರಡುವ ಹಿಂದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಕೂತು ಮಾಮ ಆ ಕಡೆಯ ಈಗಿನ ಫಾದರ್‌ಗೆ ಫೋನ್ ಮಾಡಿದರು. ಇಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಸ್ವಾಹಿಲಿ ಕೇಳಿದ್ದು ನಾನು ಅದೇ ಮೊದಲು. ಮೊದಲು ನಗುತ್ತ ಮಾತಾಡಿದರು. ಆಮೇಲೆ ಬರೀ ಕೇಳಿಸಿಕೊಂಡರು. ಫೋನು ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು.

"ಇದ್ದಾಳಾ?" ಅಮ್ಮ ಕೇಳಿದಳು.

"ಇದ್ದಾಳೆ. ಅಣ್ಣನ ಊರಿನಲ್ಲೇ. ಅವಳಿಗೂ ಆಮೇಲೆ ದೀಕ್ಷಾಸ್ನಾನ ಆಯ್ತಂತೆ. ಈಗ ಅವಳೇ ಉಪದೇಶ ಕಲಿಸುವುದು. ತುಂಬಾ ಗಟ್ಟಿ ಹೆಂಗಸಂತೆ, ಫಾದರ್ ಬಹಳ ಹೊಗಳಿದ್ರು."

"ಒಳ್ಳೆದೇ ಆಯ್ತಲ್ಲ ಮತ್ತೆ" ಎಂದಳು ಅಮ್ಮ.

"ಇಬ್ಬರು ಹೆಂಡತಿಯರು ಇರುವವರು ಬಂದ್ರೆ ಅವಳ ಹತ್ರವೇ ಕಳಿಸ್ತಾರಂತೆ. ಆ ಎರಡನೆಯವರಿಗೆ ಅವಳು, 'ನನ್ನನ್ನು ನೋಡಿ, ನಾನೂ ಹಾಗೇ ಮನೆ ಬಿಟ್ಟು ಬಂದವಳು, ಬ್ರದರ್ ಹೇಳಿದ ಹಾಗೇ ಧರ್ಮಸಭೆ ನನ್ನನ್ನು ನೋಡಿಕೊಂಡಿತು' ಅಂತ ಹೇಳ್ತಾಳಂತೆ." ಮಾಮ ನನ್ನ ಕಡೆ ತಿರುಗಿದರು. "ಈಗ ನಾನು ಹೋಗಿ ತಪ್ಪಾಯ್ತು ಅಂದ್ರೆ ಅವಳಿಗೆ ಎಂತ ಉಳೀತದೆ? ಹೇಳು, ನೀನು ಹುಷಾರಿ ಅಲ್ವಾ?"

ನಾನು ಹುಷಾರಿ. ಪರ ಕೊಟ್ಟರೆ ಪರ ಮಾತಾಡುತ್ತೇನೆ, ವಿರುದ್ಧ ಕೊಟ್ಟರೆ ವಿರುದ್ಧ. ಹೇಳಿದರೆ ಒಬ್ಬಳು ಮುದುಕಿ ಕಷ್ಟಪಟ್ಟು ಕಟ್ಟಿಕೊಂಡ ಬದುಕನ್ನು ಕೆಡವಿದಂತೆ. ಹೇಳದಿದ್ದರೆ ಇನ್ನಾವಳೋ ಒಬ್ಬಳು ಚಾಪೆ ಸುತ್ತಿಕೊಂಡು ಹೊರಡುತ್ತಾಳೆ. ಎರಡೂ ಪಕ್ಷದ ಅಂಶಗಳು ಆ ಕ್ಷಣವೇ ನನಗೆ ಹೊಳೆದಿದ್ದವು. ಎರಡನ್ನೂ ಬಿಟ್ಟು ಮಾಮನ ಮುಂದೆ ಒಂದು ತಟ್ಟೆ ತಂದಿಟ್ಟೆ. ಅಮ್ಮ ಎದ್ದು ಹೋಗಿ ಅಣ್ಣನಿಗೆ ಊಟ ಬಡಿಸಿದಳು. ನಿಲ್ಲು ಎಂದು ಅವಳೂ ಆಮೇಲೆ ಹೇಳಲಿಲ್ಲ.

ಮರುದಿನ ಏರ್‌ಪೋರ್ಟಿಗೆ ನಾನೇ ಬಿಟ್ಟೆ. ದಾರಿಯುದ್ದಕ್ಕೂ ಮಾಮ ಸ್ವಾಹಿಲಿಯಲ್ಲಿ ಏನನ್ನೋ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು, ನಿಲ್ಲಿಸುತ್ತಿದ್ದರು, ಮತ್ತೆ ಬೇರೆ ಥರ ಶುರು ಮಾಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಒಂದು ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಟ್ರಾಲಿ ನಿಲ್ಲಿಸಿ ಅದನ್ನು ಸರಿಮಾಡಿದೆ. ಬಟ್ಟೆಯ ಕೆಳಗೆ ಅವರ ಎದೆ ನಾನು ಎಣಿಸಿದ್ದಕ್ಕಿಂತ ಎಷ್ಟೋ ತೆಳ್ಳಗಿತ್ತು.

"ಮಾಮ, ಅವಳು ನಿಮ್ಮನ್ನು ನೋಡಿ ಖುಷಿಯಿಂದ ತನ್ನ ಪಾಠಕ್ಕೆ ಕರ್ಕೊಂಡು ಹೋಗಿ, ಅಲ್ಲಿ ಇಬ್ಬರು ಹೆಂಡತಿಯರ ಜೊತೆ ಕೂತಿರುವ ಒಬ್ಬನನ್ನು ತೋರಿಸಿ, ಬ್ರದರ್, ಇವತ್ತು ಇವನಿಗೆ ನೀವೇ ಹೇಳಿ ಅಂದ್ರೆ ಎಂತ ಹೇಳ್ತೀರಿ?"