ಅತ್ತೆಯ ಪಟದ ಮುಂದಿನ ಒಂದು ಲೋಟ ಕಾಫಿ

ಜಪಾನಿನ ಈ ಮತ್ಸುಯಾಮಾ ಊರಿನಲ್ಲಿ ನನ್ನಂಥ ಮೂಗು ಇನ್ನೊಂದಿಲ್ಲ! ತೀರಿಹೋದ ಹಿರಿಯರು ಮನೆಗೆ ಬರುವ ಓಬೋನ್ ಹಬ್ಬದ ಬೆಳಿಗ್ಗೆ ಹೀಗೆಂದು ಹೆಂಡತಿಯ ಮುಂದೆ ಘೋಷಿಸಿದೆ.

"ಅನ್ನ ಸೀದ್ರೂ ಗೊತ್ತಾಗದ ಮೂಗು ಅದು," ಎಂದಳು ತೊಮೊಯೆ.

ಹೇಳಿಕೊಳ್ಳಲಿ! ಫ್ರಿಜ್ಜಿನಲ್ಲಿ ಕಾಫಿ ನನಗಾಗಿ ಕಾಯುತ್ತಿತ್ತು. ಇಥಿಯೋಪಿಯಾದ ಒಂದೇ ಒಂದು ಹಳ್ಳಿಯ ಬೀಜ, ಹೊಂಬಣ್ಣ ಬರುವಷ್ಟೇ ಹುರಿದದ್ದು, ಹಿಂದಿನ ಸಂಜೆಯಿಂದ ತಣ್ಣೀರಿನಲ್ಲಿ ತಪಸ್ಸಿಗೆ ಕೂತು ಅದೇ ತಾನೇ ಸೋಸಿಕೊಂಡಿತ್ತು. ಪೊಟ್ಟಣದಲ್ಲಿ ಇದ್ದದ್ದೇ ಅಷ್ಟು ಬೀಜ.

ಈ ಹುಚ್ಚಿಗೆ ಕಾರಣವಿದೆ. ಇಪ್ಪತ್ತೇಳು ವರ್ಷದ ಹಿಂದೆ, ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಯಾವಾತಾಹಾಮಾ ಬಂದರಿನ ಕಾಫಿ ಅಂಗಡಿಯಲ್ಲಿ ತೊಮೊಯೆಯ ಎದುರು ಕೂತಿದ್ದೆ. ನಾಚಿಕೆಯಿಂದ ತಲೆ ಬಗ್ಗಿಸಿದವನು ಕಪ್ಪಿನಿಂದ ಮೇಲೆತ್ತಲೇ ಇಲ್ಲ. ಆಗ ಒಂದು ಹೂವಿನ ಪರಿಮಳ ಬಂತು ನೋಡಿ! ಆಮೇಲೆ ಆ ಅಂಗಡಿ ಮುಚ್ಚಿತು. ಅಂದಿನಿಂದ ಕೀನ್ಯಾ, ಪನಾಮಾ, ಗ್ವಾಟೆಮಾಲಾ ಎಂದು ದೇಶದೇಶದ ಬೀಜ ತರಿಸಿ ಅದಕ್ಕಾಗಿ ಹಂಬಲಿಸುತ್ತಲೇ ಇದ್ದೇನೆ. ಹೆಂಡತಿ ನಗುತ್ತಾಳೆಂದು ಅವಳಿಗೆ ಹೇಳಿರಲಿಲ್ಲ.

ಈಗ ನನ್ನ ಮಹಾಪರಾಧ. ನನ್ನ ಹೂಜಿ ಒಡೆದಿತ್ತು, ಹಾಗಾಗಿ ಕಾಫಿಯನ್ನು ತೊಮೊಯೆಯ ಬಾರ್ಲಿ ಚಹಾದ ಹೂಜಿಗೆ ಹಾಕಿದ್ದೆ. ಬೇಸಿಗೆಯಲ್ಲಿ ಬಾರ್ಲಿ ಚಹಾ ಇಲ್ಲದ ಮನೆ ನಮ್ಮಲ್ಲಿಲ್ಲ, ಎರಡರ ಬಣ್ಣವೂ ಒಂದೇ. ಹೇಳುವುದನ್ನು ಮರೆತು ಹಬ್ಬದ ಹೂವು ತರಲು ಹೋದೆ.

ಬಂದು ನೋಡಿದರೆ, ಹಬ್ಬದ ಮಂತ್ರಕ್ಕೆ ಮನೆಮನೆ ಸುತ್ತುವ ಎನ್ಕಾಯ್ ಗುರುಗಳು ತೀರಿಕೊಂಡ ಅತ್ತೆಯವರ ಪಟವಿದ್ದ ಪೀಠದ ಮುಂದೆ ಮಂತ್ರದ ಬುಲೆಟ್ ರೈಲು ಓಡಿಸುತ್ತಿದ್ದರು! ಅರ್ಧ ಗಂಟೆಯ ಮಂತ್ರ ಒಂಬತ್ತು ನಿಮಿಷಕ್ಕೆ ಮುಗಿಯಿತು. ಜನ್ಮದಲ್ಲಿ ಕಾಫಿ ಮುಟ್ಟದವರು!

"ತಾಯೀ, ಇದು ನಂಗೆ ಇವತ್ತು ಹನ್ನೆರಡನೇ ಮನೆ. ಇಂಥ ಬಾರ್ಲಿ ಚಹಾ ಎಲ್ಲೂ ಕುಡಿದಿಲ್ಲ! ಮೂರು ಲೋಟ ಆಯ್ತು, ಇನ್ನೂ ಬೇಕು ಅನ್ಸತ್ತೆ. ಎದೆ ಯಾಕೋ ಡಬಡಬ ಅಂತಿದೆ, ಭಕ್ತಿ ಇರ್ಬೇಕು!"

ನನ್ನ ಎದೆಯೂ ಹೊಡೆದುಕೊಂಡಿತು. ಹೂಜಿ ಖಾಲಿ! ಉಳಿದದ್ದು ಅತ್ತೆಯವರಿಗೆ ಇಟ್ಟ ಒಂದೇ ಲೋಟ.

ಗುರುಗಳು ಸ್ಕೂಟರ್ ಹತ್ತಿ ಮಾಯವಾದ ಕೂಡಲೇ ಕೈ ಚಾಚಿದೆ. ತೊಮೊಯೆ ಆ ಕೈಗೆ ಒಂದೇಟು ಹೊಡೆದಳು.

"ಊದುಬತ್ತಿ ಆರೋತನಕ ಅಮ್ಮ ಕುಡೀತಿರ್ತಾರೆ. ಸುಮ್ನೆ ಕೂತ್ಕೊಳ್ಳಿ!"

ಮಂಡಿ ಮಡಚಿ ಕೂತೆ. ಕಾಲು ಜೋಮು ಹಿಡಿಯಿತು. ಪಟದೊಳಗಿನ ಅತ್ತೆಯವರು ಮದುವೆ ಮಾತಿಗೆ ಅವರ ಮನೆಗೆ ಹೋದ ದಿನದಂತೆಯೇ ನನ್ನನ್ನು ಅಳೆಯುತ್ತಿದ್ದರು. ಕೊನೆಗೂ ಬತ್ತಿ ಆರಿ, ಪ್ರಸಾದವಾಗಿ ಲೋಟ ನನ್ನ ಕೈಗೆ ಬಂತು.

ತಂಪು ಹೋಗಿದ್ದೇ ಒಳ್ಳೆಯದಾಯಿತು, ಪರಿಮಳ ಬಿಚ್ಚಿಕೊಂಡಿತ್ತು. ಮೊದಲು ಮಲ್ಲಿಗೆ ಬಂತು, ಆಮೇಲೆ ಏಪ್ರಿಕಾಟ್ ಹಣ್ಣಿನ ಹುಳಿ, ಗುಟುಕು ಇಳಿದ ಮೇಲೆ ನಾಲಿಗೆಯ ತುದಿಯಲ್ಲಿ ಜೇನು. ಪೊಟ್ಟಣದ ಮೇಲೆ ಬರೆದಿದ್ದೆಲ್ಲ ಒಂದೂ ಬಿಡದೆ ಸಿಕ್ಕಿತು! ನನಗೆ ಬೇಕಾದದ್ದು ಮಾತ್ರ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು.

"ಯಾಕ್ರೀ, ಅಳ್ತಿದ್ದೀರಾ?"

"ಆ ಹೂವು ಇದ್ರಲ್ಲೂ ಇಲ್ಲ ಕಣೇ. ನಿನ್ನ ನೋಡೋಕೆ ಬಂದ ದಿನ ಕುಡಿದ್ನಲ್ಲ, ಆ ಕಾಫಿದು. ಇನ್ನು ಸಾಯೋದ್ರೊಳಗೆ ಸಿಗಲ್ಲ ಬಿಡು."

ತೊಮೊಯೆ ನನ್ನನ್ನೇ ದಿಟ್ಟಿಸಿದಳು. "ಆ ಕಾಫಿನಾ? ಸೀದು ಇದ್ದಿಲಾಗಿತ್ತಲ್ರೀ! ನಾನು ಅರ್ಧ ಬಿಟ್ಟಿದ್ದೆ."

ಆಮೇಲೆ ಪೀಠದ ಕೆಳಗಿನ ಡ್ರಾಯರ್ ಎಳೆದು, ಹೆಬ್ಬೆರಳಿನಷ್ಟೇ ಇದ್ದ ಪುಟ್ಟ ಸೀಸೆ ತೆಗೆದು ಬಿರಡೆ ಬಿಚ್ಚಿದಳು. ಒಳಗೆ ಒಂದು ತೊಟ್ಟೂ ಇರಲಿಲ್ಲ. ಆದರೂ ಪರಿಮಳ ಬಂತು. ಅದೇ! ಇಪ್ಪತ್ತೇಳು ವರ್ಷದ ಹಿಂದಿನ ಅದೇ ಹೂವು!

"ಅಮ್ಮನ ಕಿತ್ತಳೆ ಹೂವಿನ ಅತ್ತರು. ಅವತ್ತು ನನ್ನ ಕಿವಿ ಹಿಂದೆ ಹಚ್ಚಿ ಕಳಿಸಿದ್ರು."

"ಅಯ್ಯೋ ಮಾರಾಯ್ತಿ! ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

ತೊಮೊಯೆ ಬಿರಡೆ ಮುಚ್ಚಿ, ನನ್ನ ಕೈಯಿಂದ ಖಾಲಿ ಲೋಟ ಕಿತ್ತುಕೊಂಡಳು.

"ನೀವು ಒಂದ್ಸಲನಾದ್ರೂ ಕಪ್ಪಿಂದ ತಲೆ ಎತ್ತಿದ್ರೆ ತಾನೆ!"