ಕಾಲಿಗೆ ನೀರು, ಕಾಲುವೆಗೆ ಚೌಕಾಸಿ

ದೇವರಲ್ಲಿ ನಂಬಿಕೆ ಇದೆ ಎಂದು ಹೇಳುವುದಕ್ಕೆ ಒಳ್ಳೆಯ ಗಂಟಲೊಂದಿದ್ದರೆ ಸಾಕು. ನನ್ನದು ಗದಗಿನ ಹತ್ತಿ ಪೇಟೆಯಲ್ಲಿ ಪಳಗಿದ ಗಂಟಲು; ದಿನವಿಡೀ ಹತ್ತಿ ತುಂಬಿದ ಅಂಡಿಗೆಗಳ ನಡುವೆ ನಿಂತು ಕೂಗಿದರೂ ಅದಕ್ಕೆ ದಣಿವಿಲ್ಲ. ಹೀಗಾಗಿ ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಎದ್ದು ನಿಂತು ದೇವರ ಉಪಕಾರ ಸಾರುವ, ಅಂದರೆ ಸಾಕ್ಷಿ ಹೇಳುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿತ್ತು. ಕಳಸಾಪುರದಿಂದ ಬರಿಗೈಯಲ್ಲಿ ಬಂದು ದಲಾಲನಾದವನು ನಾನು. ಯಾವ ಮಾಲನ್ನು ಹೇಗೆ ಹೊಗಳಬೇಕೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಹೊಸಬರಿಗೆ ಒಂದು ಬುದ್ಧಿಮಾತು ಮಾತ್ರ ಹೇಳುತ್ತೇನೆ: ಸಾಕ್ಷಿ ಹೇಳುವಾಗ ಕಣ್ಣು ಮುಚ್ಚಿಕೊಳ್ಳಿ. ತೆರೆದಿದ್ದರೆ ಎದುರಿಗೆ ಕುಳಿತ ಹೆಂಡತಿ ಕಾಣುತ್ತಾಳೆ.

ಕರ್ನಾಟಕ ಒಂದಾಗುವ ವಾರ ಅದು. ಇನ್ನು ನಾವು ಮುಂಬಯಿ ರಾಜ್ಯದವರಲ್ಲ ಎಂಬ ಸಂಭ್ರಮದಲ್ಲಿ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಅದೇ ಉಮೇದಿನಲ್ಲಿ ಆ ಆದಿತ್ಯವಾರ ನಾನು ಕರ್ತನಾದ ಯೇಸು ಶಿಷ್ಯರ ಕಾಲು ತೊಳೆದ ಸಂಗತಿ ಎತ್ತಿಕೊಂಡು, ನಾವೂ ಒಬ್ಬರ ಕಾಲು ಒಬ್ಬರು ತೊಳೆಯಬೇಕೆಂದು ಸೂರು ಹಾರಿಹೋಗುವಂತೆ ಕೂಗಿದೆ. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ನೆರೆಮನೆಯ ನೇಕಾರ ಸಮುವೇಲಪ್ಪ ಮಾತ್ರ ಎರಡನೆಯ ಸಾಲಿನಲ್ಲಿ ಕುಳಿತು ಆಕಳಿಸಿದ. ಅವನಿಗೂ ನನಗೂ ಆಗ ಮಾತಿರಲಿಲ್ಲ. ಅವನ ಬಚ್ಚಲ ನೀರು ನನ್ನ ಬಾಗಿಲ ಮುಂದೆ ಹರಿಯುತ್ತಿತ್ತು, ಅದೇ ಜಗಳ.

ನಾಡು ಒಂದಾಗುವ ಹಬ್ಬದ ದಿನ ಬಂತು. ಮೆರವಣಿಗೆಗೆಂದು ಓಣಿ ಓಣಿಗೂ ನೀರು ಚಿಮುಕಿಸಿ, ಊರಿನ ಬಾವಿಗಳೆಲ್ಲ ತಳ ಕಂಡಿದ್ದವು. ಮುಂದಾಲೋಚನೆಯವನಾದ ನಾನು ಎರಡು ಹಂಡೆ ತುಂಬಿಸಿಟ್ಟುಕೊಂಡಿದ್ದೆ. ಮೆರವಣಿಗೆಯಲ್ಲಿ ಜಯಕಾರ ಕೂಗುವ ಮುಂದಾಳು ನಾನೇ ಎಂದು ಪೇಟೆಯವರು ಗೊತ್ತು ಮಾಡಿದ್ದರು. ಹೊಸ ಕೋಟು ತೊಟ್ಟು, ರುಮಾಲು ಸುತ್ತಿ ಹೊಸ್ತಿಲು ದಾಟುವಷ್ಟರಲ್ಲಿ ಎದುರಿಗೆ ಸಮುವೇಲಪ್ಪ, ಕೈಯಲ್ಲಿ ಖಾಲಿ ಕೊಡ.

“ಯೋಸೇಫಣ್ಣಾರ, ಎರಡು ಕೊಡ ನೀರ ಕೊಡ್ರಿ. ನಮ್ಮ ಮಗಳು ಕರುಣಾನ್ನ ನೋಡಾಕ ಮುಂಡರಗಿಯ ಗಂಡಿನವರು ಓಣಿ ತುದಿಗೆ ಬಂದಾರ. ಕಾಲಿಗೆ ಹಾಕಾಕ ಮನ್ಯಾಗ ಹನಿ ನೀರಿಲ್ಲ.”

ನಮ್ಮ ಕಡೆ ಬಂದವರಿಗೆ ಕಾಲಿಗೆ ನೀರು ಕೊಡದಿದ್ದರೆ ಅವರು ಒಳಗೆ ಕಾಲಿಡುವುದಿಲ್ಲ. ಲಕ್ಷ್ಮೇಶ್ವರದ ಸಂಬಂಧ ಒಂದು ಹಿಂದೆಯೇ ಮುರಿದು, ಆ ಹುಡುಗಿ ಸಭೆಗೆ ಬರುವುದನ್ನೂ ಬಿಟ್ಟಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಎದುರಿನವನಿಗೆ ಗರಜು ಬಿದ್ದದ್ದು ಕಂಡೊಡನೆ ನನ್ನೊಳಗಿನ ದಲಾಲ ಎದ್ದು ಕುಳಿತ.

“ಕೊಡೋಣಂತ. ಬಚ್ಚಲ ಕಾಲುವಿ ಯಾವಾಗ ತಿರಗಸ್ತಿ?”

“ಈಗ ಕೇಳೂ ಮಾತೇನ್ರಿ ಅದು?”

“ನೀ ಕೊಡ ಹಿಡಕೊಂಡು ಮತ್ತ ಯಾವಾಗ ಬರ್ತೀಯೋ?”

ಅವನು ಓಣಿಯ ಕಡೆ ನೋಡಿದ. “ಆತು, ಅರ್ಧ ತಿರಗಸ್ತೀನಿ.”

“ಅರ್ಧ ತಿರಗಿಸಿದ್ರ ನೀರ ಎಲ್ಲಿಗೆ ಹೊಕ್ಕೈತಿ?”

“ಅರ್ಧ ನನ್ನ ಮನಿ ಮುಂದ, ಅರ್ಧ ನಿಮ್ಮ ಮನಿ ಮುಂದ.”

ಖರೆ ಹೇಳುತ್ತೇನೆ, ಆ ಚೌಕಾಸಿಯ ರುಚಿಯಲ್ಲಿ ಮೆರವಣಿಗೆಯೂ ಮರೆತುಹೋಗಿತ್ತು. ಒಂದು ಕೊಡಕ್ಕೆ ಮುಕ್ಕಾಲು ಕಾಲುವೆ ಎಂಬಲ್ಲಿಗೆ ಅವನನ್ನು ತಂದು ನಿಲ್ಲಿಸಿದ್ದೆ. ಅಷ್ಟರಲ್ಲಿ ಒಳಗಿಂದ ನನ್ನ ಹೆಂಡತಿ ಸಾರವ್ವ ತುಂಬಿದ ಕೊಡ ಹೊತ್ತು ಬಂದು ನನ್ನ ಕೈಗೇ ಕೊಟ್ಟಳು.

“ಕಾಲ ತೊಳಿಯೂದಂತೂ ದೂರ ಉಳೀತು, ನೀರರೆ ಕೊಡ್ರಿ. ಆದಿತ್ಯವಾರ ನಿಮ್ಮ ಮಾತ ಕೇಳಿ ನಾನೂ ಅತ್ತಿದ್ದೆ. ಆ ಕಣ್ಣೀರ ತಿರುಗಿ ಕೊಡ್ತೀರೇನು?”

ಕೊಡ ಹೊತ್ತು ಓಡಿದೆ. ಸಮುವೇಲಪ್ಪನ ಹೊಸ್ತಿಲಲ್ಲಿ ಬಂದವರು ಧೂಳುಗಾಲಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬಾಗಿಲ ಸಂದಿಯಲ್ಲಿ ಕರುಣಾಳ ಸೆರಗಿನ ತುದಿ ನಡುಗುತ್ತಿತ್ತು. ನಾನು ತಂಬಿಗೆಯಿಂದ ನೀರು ಹಾಕುತ್ತ ಹೋದೆ. ಗಂಡಿನ ತಂದೆಗೆ ಸೊಂಟ ಬಗ್ಗದು. ಕೋಟಿನ ತೋಳು ಮಡಿಚಿ ಕುಕ್ಕರುಗಾಲಲ್ಲಿ ಕುಳಿತು ಅವರ ಒಡೆದ ಹಿಮ್ಮಡಿಯನ್ನು ನಾನೇ ತಿಕ್ಕಿದೆ. ಆ ಹೊತ್ತಿಗೆ ದೂರದಲ್ಲಿ ಹಲಗೆ ಬಾರಿಸುತ್ತ ಮೆರವಣಿಗೆ ಹೊರಟಿತು, ಜಯಕಾರಕ್ಕೆ ಬೇರೆ ಯಾರದೋ ಗಂಟಲು.

“ನೀವು ಹುಡುಗಿಗೆ ಏನಾಗಬೇಕ್ರಿ?” ಎಂದು ಹಿರಿಯರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಸಮುವೇಲಪ್ಪ, “ದೊಡ್ಡಪ್ಪ ಆಗಬೇಕ್ರಿ” ಎಂದುಬಿಟ್ಟ.

“ದೊಡ್ಡಪ್ಪನ ಕೈಲೇ ಕಾಲ ತೊಳಿಸಿಕೊಂಡ ಮ್ಯಾಲೆ ಇನ್ನೇನ ನೋಡೂದೈತಿ?” ಎಂದರು ಅವರು. ಒಳಗೆ ಬಳೆಗಳ ಸದ್ದಾಯಿತು. ಸಂಬಂಧ ಕುದುರಿತು. ನನ್ನ ಕಾಲುವೆ ಮಾತ್ರ ಕೈಬಿಟ್ಟುಹೋಯಿತು. ತಮ್ಮನ ಬಚ್ಚಲ ನೀರು ಅಣ್ಣನ ಬಾಗಿಲಿಗೆ ಬಂದರೆ ಯಾವ ಪಂಚರು ವಿಚಾರಿಸುತ್ತಾರೆ?

ಮನೆಗೆ ಬರುವ ಹತ್ತು ಹೆಜ್ಜೆಯಲ್ಲೇ ಮುಂದಿನ ಆದಿತ್ಯವಾರದ ಸಾಕ್ಷಿ ನನ್ನ ಬಾಯಲ್ಲಿ ಕುದಿಯತೊಡಗಿತ್ತು. ಸಾರವ್ವ ನನ್ನ ಮುಖ ನೋಡಿಯೇ ಅದನ್ನು ಪತ್ತೆ ಹಚ್ಚಿದಳು.

“ಇದನ್ನ ಸಭಾದಾಗ ಹೇಳಬ್ಯಾಡ್ರಿ. ಮಾಡಿದ್ದು ಮಾಡಿದಂಗ ಇರ್ಲಿ.”

“ಅರ್ಧ ಹೇಳ್ಲೇನು?”

ಅವಳು ಒಪ್ಪಲಿಲ್ಲ. ಮಾತು ಕೊಟ್ಟೆ, ಇವತ್ತಿನವರೆಗೂ ಸಭೆಯಲ್ಲಿ ತುಟಿ ಬಿಚ್ಚಿಲ್ಲ. ಬರೆಯುವ ವಿಷಯ ಅವಳು ಎತ್ತಿರಲಿಲ್ಲ. ಕರಾರಿನಲ್ಲಿ ಇಲ್ಲದ್ದನ್ನು ತಾನಾಗಿ ಸೇರಿಸುವಷ್ಟು ಒಳ್ಳೆಯವನು ನಾನಿನ್ನೂ ಆಗಿಲ್ಲ.